ಸೂರ್ಯಕಾಂತಿಗೆ ಸಾರಜನಕ: ಯಾವ ರೂಪದಲ್ಲಿ, ಯಾವಾಗ, ಎಷ್ಟು?

ಏಣೆಲು (ಮಳೆಗಾಲದ ಭತ್ತ) ಬೆಳೆ ಕೊಯ್ದ ಗದ್ದೆಯಲ್ಲಿ ನಾಲ್ಕು ಸಾಲು ಸೂರ್ಯಕಾಂತಿ ಹಾಕಿದವರು, ತಾರಸಿಯ ಗ್ರೋ ಬ್ಯಾಗಿನಲ್ಲಿ ಬೆಳೆಸುವವರು, ಕಾಲೇಜಿನ ಪ್ರಾಜೆಕ್ಟಿಗೆ ಇದೇ ಗಿಡ ಆರಿಸಿಕೊಂಡವರು ಈ ಬಾರಿ ಒಂದೇ ವಿಷಯ ಕೇಳಿದ್ದಾರೆ: ಸಾರಜನಕ. ಎಲ್ಲ ಪತ್ರಗಳಿಗೂ ಜಾಗವಿಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು 10 ಸೆಂಟ್ಸ್ ಮಜಲು ಗದ್ದೆ (ನಡುಮಟ್ಟದ ಭತ್ತದ ಗದ್ದೆ). ಡಿಸೆಂಬರಿನಲ್ಲಿ ಸೂರ್ಯಕಾಂತಿ ಬಿತ್ತಿ, ಬಿತ್ತಿದ ದಿನವೇ ಪೂರ್ತಿ ಯೂರಿಯಾ ಎರಚಿ ನೀರು ಬಿಟ್ಟೆವು. ಹದಿನೈದು ದಿನ ಚೆಂದ ಹಸಿರಿತ್ತು, ಈಗ ಅಡಿಯ ಎಲೆಗಳು ಹಳದಿ. ಪಕ್ಕದವರು ಹಟ್ಟಿಗೊಬ್ಬರವೇ ಸಾಕು ಅನ್ನುತ್ತಾರೆ, ಗೊಬ್ಬರದ ಅಂಗಡಿಯವರು ಅಮೋನಿಯಂ ಸಲ್ಫೇಟ್ ಹಾಕಿ ಅನ್ನುತ್ತಾರೆ. ಗಿಡಕ್ಕೆ ನಿಜವಾಗಿ ಬೇಕಾದದ್ದು ಯಾವುದು?
– ಶಿರ್ವದ ಓದುಗರು

ಉತ್ತರ: ಚೀಲದ ಮೇಲಿನ ಹೆಸರು ಬೇರಿಗೆ ಗೊತ್ತಾಗುವುದಿಲ್ಲ. ಸೂರ್ಯಕಾಂತಿಯ ಬೇರು ಸಾರಜನಕವನ್ನು ಮುಖ್ಯವಾಗಿ ಎರಡು ರೂಪದಲ್ಲಿ ಎಳೆದುಕೊಳ್ಳುತ್ತದೆ: ನೈಟ್ರೇಟ್ ಮತ್ತು ಅಮೋನಿಯಂ. ಯೂರಿಯಾವನ್ನು ಯೂರಿಯಾ ಆಗಿಯೇ, ಸಾವಯವ ಗೊಬ್ಬರದ ಅಮೈನೊ ಆಮ್ಲಗಳನ್ನು ಹಾಗೆಯೇ ಒಂದಿಷ್ಟು ಹೀರಬಲ್ಲದು ನಿಜ, ಆದರೆ ಮಣ್ಣಿನ ಸೂಕ್ಷ್ಮಜೀವಿಗಳು ಅದಕ್ಕೂ ಮೊದಲೇ ಅವನ್ನು ಒಡೆದುಬಿಡುವುದರಿಂದ ಆ ಪಾಲು ತೀರಾ ಸಣ್ಣದು. ಹಾಗಾಗಿ ಹಟ್ಟಿಗೊಬ್ಬರ, ಹಿಂಡಿ, ಯೂರಿಯಾ, ಮೀನಿನ ಹುಡಿ ಏನೇ ಹಾಕಿದರೂ ಅದು ಎಷ್ಟು ದಿನಕ್ಕೆ ಈ ಎರಡು ರೂಪಕ್ಕೆ ಬರುತ್ತದೆ, ಬಂದದ್ದು ಬೇರಿನ ಹತ್ತಿರ ಎಷ್ಟು ದಿನ ನಿಲ್ಲುತ್ತದೆ ಎಂದು ನೋಡಬೇಕು.

ಯೂರಿಯಾದಲ್ಲಿ ಶೇಕಡಾ 46 ಸಾರಜನಕ. ತೇವದ ಮಣ್ಣಿಗೆ ಬಿದ್ದ ಕೂಡಲೇ ಯೂರಿಯೇಸ್ ಎಂಬ ಕಿಣ್ವ ಅದನ್ನು ಒಡೆಯಲು ಶುರುಮಾಡುತ್ತದೆ. ನಮ್ಮ ಸೆಕೆಗೆ ಕೆಲವೇ ದಿನಗಳಲ್ಲಿ ಅದು ಅಮೋನಿಯಂ ಆಗುತ್ತದೆ. ಹೀಗೆ ಒಡೆಯುವಾಗ ಹರಳಿನ ಸುತ್ತಲಿನ ಮಣ್ಣು ತಾತ್ಕಾಲಿಕವಾಗಿ ಕ್ಷಾರವಾಗಿ, ಅಮೋನಿಯಾ ಅನಿಲ ಗಾಳಿಗೆ ಹಾರುತ್ತದೆ. ‘ನಮ್ಮದು ಹುಳಿ ಮಣ್ಣು, ಇಲ್ಲಿ ಅಮೋನಿಯಾ ಹಾರುವುದಿಲ್ಲ’ ಎಂಬ ನಂಬಿಕೆ ಹಲವರಲ್ಲಿದೆ. ಅದು ತಪ್ಪು. ಗದ್ದೆಯ ಪಿಎಚ್ (ಹುಳಿ–ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 5 ಇದ್ದರೂ ಹರಳಿನ ಪಕ್ಕದ ಒಂದೆರಡು ಸೆಂಟಿಮೀಟರಿನಲ್ಲಿ ಅದು 8 ದಾಟಬಹುದು. ಹೊಯಿಗೆ (ಮರಳು) ಮಿಶ್ರಿತ ಮುರಮಣ್ಣಿಗೆ ಈ ಏರಿಳಿತವನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಮೇಲೆ ಎರಚಿ ಬಿಟ್ಟ ಯೂರಿಯಾದಲ್ಲಿ ಕಾಲು ಭಾಗದಷ್ಟು ಹೀಗೆ ಹೋದರೂ ಆಶ್ಚರ್ಯವಿಲ್ಲ.

ಉಳಿದ ಅಮೋನಿಯಂ ಧನ ವಿದ್ಯುದಂಶ ಉಳ್ಳದ್ದು, ಜೇಡಿಯ ಕಣಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಆದರೆ ಕರಾವಳಿಯ ಕೆಂಪು ಮಣ್ಣಿನ ಜೇಡಿಗೆ ಹಿಡಿದಿಡುವ ಸಾಮರ್ಥ್ಯ ಬಯಲುಸೀಮೆಯ ಎರೆಮಣ್ಣಿಗಿಂತ ತುಂಬಾ ಕಡಿಮೆ. ಮುಂದಿನ ಒಂದರಿಂದ ಮೂರು ವಾರಗಳಲ್ಲಿ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟಿಗೆ ಋಣ ವಿದ್ಯುದಂಶ, ಮಣ್ಣು ಅದನ್ನು ಹಿಡಿಯುವುದಿಲ್ಲ. ನೀರು ಹೋದಲ್ಲಿಗೆ ಅದೂ ಹೋಗುತ್ತದೆ. ಗಿಡಕ್ಕೆ ಇದು ಅನುಕೂಲವೂ ಹೌದು, ಏಕೆಂದರೆ ಎಲೆ ನೀರು ಆವಿಯಾಗಿಸಿದಷ್ಟೂ ನೈಟ್ರೇಟ್ ತಾನಾಗಿ ಬೇರಿನ ಕಡೆಗೆ ಹರಿದು ಬರುತ್ತದೆ. ಅಮೋನಿಯಂ ಹಾಗಲ್ಲ, ಬೇರು ಅದರ ಹತ್ತಿರ ಬೆಳೆದು ಹೋಗಬೇಕು. ಆದರೆ ನೀವು ಹೆಚ್ಚು ನೀರು ಬಿಟ್ಟರೆ ಅದೇ ನೈಟ್ರೇಟ್ ಬೇರಿನ ಕೆಳಗೆ ಇಳಿದು ಕೈತಪ್ಪುತ್ತದೆ. ಒಡೆಯುವ ಮೊದಲೇ ಭಾರೀ ನೀರು ಬಿದ್ದರೆ ಯೂರಿಯಾವೂ ಹಾಗೆಯೇ ಇಳಿದುಹೋಗುತ್ತದೆ, ಅದಕ್ಕೆ ವಿದ್ಯುದಂಶವೇ ಇಲ್ಲ.

ನಿಮ್ಮ ಗದ್ದೆಯಲ್ಲಿ ಇದರ ಜೊತೆಗೆ ಇನ್ನೆರಡು ಕಾರಣ ಇರಬಹುದು. ಒಂದು, ಭತ್ತದ ಕೂಳೆ. ಅದರಲ್ಲಿ ಇಂಗಾಲ ಜಾಸ್ತಿ, ಸಾರಜನಕ ತೀರಾ ಕಡಿಮೆ. ಉತ್ತು ಮಣ್ಣಿಗೆ ಸೇರಿಸಿದ ಕೂಳೆ ಕೊಳೆಯುವಾಗ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎತ್ತಿಕೊಳ್ಳುತ್ತವೆ. ನಾಲ್ಕಾರು ವಾರ ಗಿಡಕ್ಕೆ ಸಿಗುವುದಿಲ್ಲ. ಇನ್ನೊಂದು, ಕೆಸರು ಉಳುಮೆಯಿಂದ 15–20 ಸೆಂಟಿಮೀಟರ್ ಆಳದಲ್ಲಿ ಕೂತ ಗಟ್ಟಿ ಪದರ. ಆಳದ ಮಣ್ಣಿನಲ್ಲಿ ಸೂರ್ಯಕಾಂತಿಯ ತಾಯಿಬೇರು ಒಂದೂವರೆ ಮೀಟರಿಗೂ ಹೆಚ್ಚು ಇಳಿದು, ಬೇರೆ ಬೆಳೆ ಬಿಟ್ಟುಹೋದ ನೈಟ್ರೇಟನ್ನು ಎತ್ತಿಕೊಳ್ಳುವ ಬೇರು. ಒಂದು ಗಿಡವನ್ನು ಗುದ್ದಲಿಯಿಂದ ಮಣ್ಣು ಸಮೇತ ಎತ್ತಿ, ನೀರಲ್ಲಿ ತೊಳೆದು ನೋಡಿ. ತಾಯಿಬೇರು ಕೆಳಗಿಳಿಯದೆ ಕೊಕ್ಕೆಯ ಹಾಗೆ ಅಡ್ಡ ತಿರುಗಿದ್ದರೆ ಪದರ ಒಡೆದಿಲ್ಲ ಎಂದರ್ಥ. ಅಂಥ ಗಿಡಕ್ಕೆ ಮೇಲಿನ ಒಂದು ಗೇಣು ಮಣ್ಣಿನಲ್ಲಿ ಇದ್ದಷ್ಟೇ ಆಹಾರ.

ಈಗ ಮಾಡಬೇಕಾದದ್ದು: ಲೀಟರಿಗೆ 10 ಗ್ರಾಂ ಯೂರಿಯಾ ಕರಗಿಸಿ ಸಂಜೆ ಹೊತ್ತಿಗೆ ಎಲೆಯ ಎರಡೂ ಬದಿಗೆ ಸಿಂಪಡಿಸಿ. ಯೂರಿಯಾ ಎಲೆಯ ಮೇಣದ ಪದರ ದಾಟಿ ಬೇಗ ಒಳಹೋಗುತ್ತದೆ. ಎಂಟು ದಿನ ಬಿಟ್ಟು ಇನ್ನೊಮ್ಮೆ. ಗಿಡ ಬಲಿತಿದ್ದರೆ 20 ಗ್ರಾಂವರೆಗೆ ಹೋಗಬಹುದು. ಎಳೆ ಗಿಡಕ್ಕೆ ಬೇಡ, ಎಲೆಯ ತುದಿ ಸುಡುತ್ತದೆ. ಇದು ತಾತ್ಕಾಲಿಕ ಉಪಶಮನ ಅಷ್ಟೇ. ಬೇರಿಗೆ ಕೊಡುವುದನ್ನು ಬಿಡಬೇಡಿ.

ಮುಂದಿನ ಬೆಳೆಗೆ ಲೆಕ್ಕ ಹೀಗಿರಲಿ. ನೀರಾವರಿಯ ಸೂರ್ಯಕಾಂತಿಗೆ ಹೆಕ್ಟೇರಿಗೆ 60 ಕೆಜಿ ಸುತ್ತಮುತ್ತ ಸಾರಜನಕ ಸಾಕು. ನಿಮ್ಮ 10 ಸೆಂಟ್ಸಿಗೆ ಅದು 2.4 ಕೆಜಿ. ಬಿತ್ತನೆಗೆ ಮೂರು ವಾರ ಮೊದಲು 20 ಕೆಜಿ ಕೃಷಿ ಸುಣ್ಣ ಅಥವಾ ಪುಡಿ ಮಾಡಿದ ಚಿಪ್ಪು ಹಾಕಿ ಉಳಬೇಕು. ಮಣ್ಣು ಪರೀಕ್ಷೆಯ ವರದಿ ಇದ್ದರೆ ಅದರ ಪ್ರಮಾಣವೇ ಸರಿ. ಕೊನೆಯ ಉಳುಮೆಗೆ 300 ಕೆಜಿ ಹಟ್ಟಿಗೊಬ್ಬರ. ಬಿತ್ತುವಾಗ 4 ಕೆಜಿ ಅಮೋನಿಯಂ ಸಲ್ಫೇಟ್, 25ನೇ ದಿನ 1.75 ಕೆಜಿ ಯೂರಿಯಾ, ನಕ್ಷತ್ರದಂಥ ಮೊಗ್ಗು ಕಾಣುವ 35–40ನೇ ದಿನಕ್ಕೆ ಇನ್ನೊಂದು 1.75 ಕೆಜಿ. ಮೂರೂ ಕಂತಿನಲ್ಲಿ ಸಾರಜನಕ ಹೆಚ್ಚು ಕಡಿಮೆ ಸಮ, ತಲಾ 800 ಗ್ರಾಂ. ರಂಜಕ, ಪೊಟ್ಯಾಶ್ ಬೇರೆ ಕೊಡಬೇಕು. ಅಮೋನಿಯಂ ಸಲ್ಫೇಟಿನಲ್ಲಿ ಶೇಕಡಾ 24ರಷ್ಟು ಗಂಧಕವೂ ಇದೆ. ಗಂಧಕವಿಲ್ಲದೆ ಗಿಡ ಹೀರಿದ ಸಾರಜನಕವನ್ನು ಪ್ರೋಟೀನ್ ಮಾಡಲಾರದು, ಎಣ್ಣೆಕಾಳಿಗೆ ಅದು ಇನ್ನೂ ಮುಖ್ಯ. ಅಂಗಡಿಯವರ ಮಾತಿನಲ್ಲಿ ಅಷ್ಟರಮಟ್ಟಿಗೆ ಸತ್ಯವಿದೆ.

ಆದರೆ ಪೂರ್ತಿ ಅದನ್ನೇ ಹಾಕುವುದು ಬೇಡ. 100 ಕೆಜಿ ಅಮೋನಿಯಂ ಸಲ್ಫೇಟ್ ಮಣ್ಣಿನಲ್ಲಿ ಹುಟ್ಟಿಸುವ ಹುಳಿಯನ್ನು ತಣಿಸಲು ಸುಮಾರು 110 ಕೆಜಿ ಸುಣ್ಣ ಬೇಕು, 100 ಕೆಜಿ ಯೂರಿಯಾಕ್ಕೆ 80 ಕೆಜಿ ಆಸುಪಾಸು. ಸಾರಜನಕದ ಲೆಕ್ಕದಲ್ಲಿ ನೋಡಿದರೆ ಯೂರಿಯಾಕ್ಕಿಂತ ಸುಮಾರು ಮೂರು ಪಟ್ಟು ಹುಳಿ. ಪಿಎಚ್ 5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಮೊಂಡು ಮಾಡುತ್ತದೆ, ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನಿಧಾನಿಸುತ್ತವೆ, ಗಿಡಕ್ಕೆ ಅಮೋನಿಯಂ ಒಂದೇ ಉಳಿಯುತ್ತದೆ.

ಮೇಲುಗೊಬ್ಬರವನ್ನು ಎರಚಬೇಡಿ. ಬುಡದಿಂದ ನಾಲ್ಕು ಬೆರಳು ದೂರದಲ್ಲಿ ಎರಡು ಇಂಚು ಆಳದ ಗೀರು ಎಳೆದು ಹಾಕಿ, ಮಣ್ಣು ಮುಚ್ಚಿ, ಆಮೇಲೆ ಹಿತಮಿತವಾಗಿ ನೀರು. 60×30 ಸೆಂಟಿಮೀಟರ್ ಅಂತರದಲ್ಲಿ ಒಂದು ಸೆಂಟ್ಸಿಗೆ ಸುಮಾರು 225 ಗಿಡ. ಅಂದರೆ ಒಂದು ಕಂತಿನಲ್ಲಿ ಗಿಡವೊಂದಕ್ಕೆ ಬೇಕಾದ ಯೂರಿಯಾ ಒಂದು ಗ್ರಾಮಿಗೂ ಕಡಿಮೆ. ಮಟ್ಟಸವಾದ ಒಂದು ಟೀ ಚಮಚ ನಾಲ್ಕೈದು ಗಿಡಗಳಿಗೆ. ಮುಷ್ಟಿಯಲ್ಲಿ ಹಾಕುವ ಅಭ್ಯಾಸ ಇಲ್ಲಿ ನಡೆಯದು.

ಪ್ರಶ್ನೆ: ಸೂರ್ಯಕಾಂತಿ ಗಿಡ ಕಿತ್ತಾಗ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿದ್ದವು. ಅಲಸಂದೆಯ ಹಾಗೆ ಇದು ಕೂಡ ಗಾಳಿಯ ಸಾರಜನಕ ಹಿಡಿಯುತ್ತದೆಯೇ?
– ಕಿನ್ನಿಗೋಳಿಯ ಓದುಗರು

ಉತ್ತರ: ಇಲ್ಲ. ಸೂರ್ಯಕಾಂತಿಯ ಬೇರಿನಲ್ಲಿ ರೈಜೋಬಿಯಂ (ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ) ಗಂಟು ಬರುವುದಿಲ್ಲ. ನೀವು ಕಂಡದ್ದು ಬೇರುಗಂಟು ಜಂತುಹುಳುವಿನ ಹಾವಳಿ. ಅಲಸಂದೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಗುರಿನಿಂದ ತಳ್ಳಿದರೆ ಕಳಚಿ ಬರುತ್ತದೆ, ಸೀಳಿದರೆ ಒಳಗೆ ನಸುಗೆಂಪು. ಜಂತುಹುಳುವಿನ ಗಂಟು ಎಂದರೆ ಬೇರೇ ಊದಿಕೊಂಡದ್ದು, ಕಳಚುವುದಿಲ್ಲ, ಒಳಗೆ ಬಿಳಿ. ಅಂಥ ಬೇರು ಮಣ್ಣಿನಲ್ಲಿ ಸಾರಜನಕ ಇದ್ದರೂ ಎತ್ತಿಕೊಳ್ಳಲಾರದು. ಮಧ್ಯಾಹ್ನ ಬಾಡಿ ಸಂಜೆ ಎದ್ದು ನಿಲ್ಲುವ ಹಳದಿ ಗಿಡ ಕಂಡರೆ ಯೂರಿಯಾ ಹಾಕುವ ಮೊದಲು ಒಂದನ್ನು ಕಿತ್ತು ನೋಡಿ. ಅದೇ ಜಾಗದಲ್ಲಿ ಬದನೆ, ಬೆಂಡೆ, ಟೊಮೆಟೊ ಹಾಕಬೇಡಿ. ಮುಂದಿನ ಸಲ ಬಿತ್ತನೆಗೆ ಎರಡು ವಾರ ಮೊದಲು ಸೆಂಟ್ಸಿಗೆ 2 ಕೆಜಿ ಬೇವಿನ ಹಿಂಡಿ ಮಣ್ಣಿಗೆ ಸೇರಿಸಿ. ಅದರ ಸಾರಜನಕವೂ ನಿಧಾನಕ್ಕೆ ಸಿಗುತ್ತದೆ.

ದ್ವಿದಳ ಧಾನ್ಯದ ಉಪಕಾರ ಬೇಕಿದ್ದರೆ ದಾರಿ ಬೇರೆ. ಉದ್ದು, ಹೆಸರು, ಅಲಸಂದೆ ಬೆಳೆದು ಕಾಯಿ ಕೊಯ್ದ ಮೇಲೆ ಬೇರು, ಸೊಪ್ಪನ್ನು ಅಲ್ಲೇ ಉತ್ತುಬಿಟ್ಟರೆ ಹಿಂದಿನಿಂದ ಬರುವ ಸೂರ್ಯಕಾಂತಿಗೆ ಒಂದು ಪಾಲು ಸಿಗುತ್ತದೆ. ಗಿಡವನ್ನು ಬೇರುಸಮೇತ ಕಿತ್ತು ಹಟ್ಟಿಗೆ ಒಯ್ದರೆ ಏನೂ ಉಳಿಯದು.

ಪ್ರಶ್ನೆ: ತಾರಸಿಯಲ್ಲಿ 12 ಇಂಚಿನ ಗ್ರೋ ಬ್ಯಾಗಿಗೆ ಬರೀ ಕೊಕೊಪೀಟ್ ಮತ್ತು ಸ್ವಲ್ಪ ಎರೆಗೊಬ್ಬರ ತುಂಬಿ ಸೂರ್ಯಕಾಂತಿ ಹಾಕಿದೆ. 20 ದಿನಕ್ಕೇ ಎಲೆ ತಿಳಿ ಹಳದಿ, ಕಾಂಡ ನೂಲಿನ ಹಾಗೆ. ಮನೆಯಲ್ಲಿ ಬೂದಿ ಬೇಕಾದಷ್ಟಿದೆ, ಹಾಕಲೇ?
– ಮಂಗಳೂರು ಕದ್ರಿಯ ಓದುಗರು

ಉತ್ತರ: ಬೂದಿ ಹಾಕಬೇಡಿ ಮೇಡಂ. ಬೂದಿಯಲ್ಲಿ ಪೊಟ್ಯಾಶ್, ಸುಣ್ಣ ಇದೆ, ಸಾರಜನಕ ಇಲ್ಲವೇ ಇಲ್ಲ. ಉರಿಯುವಾಗಲೇ ಅದು ಹೊಗೆಯ ಜೊತೆ ಹೋಗಿರುತ್ತದೆ. ನಮ್ಮಲ್ಲಿ ತರಗೆಲೆ ಒಟ್ಟಿ ಮಾಡುವ ಸುಡುಮಣ್ಣಿಗೂ ಇದೇ ಮಾತು: ತರಕಾರಿಗೆ ಒಳ್ಳೆಯದು, ಸಾರಜನಕಕ್ಕೆ ಅದನ್ನು ನಂಬುವಂತಿಲ್ಲ. ಬೂದಿಯನ್ನು ಅಮೋನಿಯಂ ಸಲ್ಫೇಟ್ ಅಥವಾ ಹಳೆಯ ಗಂಜಲದ ಜೊತೆ ಬೆರೆಸಿದರೆ ಮೂಗಿಗೆ ಅಡರುವ ಘಾಟು ಬರುತ್ತದಲ್ಲ, ಅದು ನಿಮ್ಮ ಸಾರಜನಕವೇ ಹಾರಿ ಹೋಗುವ ವಾಸನೆ.

ನಿಮ್ಮ ಗಿಡದ ತೊಂದರೆ ಕೊಕೊಪೀಟಿನಲ್ಲಿದೆ. ತೆಂಗಿನ ನಾರಿನ ಹುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ನೂರು ಪಾಲು ಇಂಗಾಲದ ಲೆಕ್ಕ. ಅದು ತಾನು ಕೊಳೆಯಲು ಎರೆಗೊಬ್ಬರದ ಸಾರಜನಕವನ್ನೇ ತಿಂದಿದೆ. ಚೆನ್ನಾಗಿ ತೊಳೆಯದ ಹುಡಿಯಲ್ಲಿ ಉಪ್ಪೂ ಇರುತ್ತದೆ. ಉಪ್ಪಿನ ಕ್ಲೋರೈಡ್ ಮತ್ತು ನೈಟ್ರೇಟ್ ಬೇರಿನೊಳಗೆ ಹೋಗಲು ಪೈಪೋಟಿ ಮಾಡುತ್ತವೆ, ಆದ್ದರಿಂದ ಹಸಿವು ಇಮ್ಮಡಿಸುತ್ತದೆ.

ಇದ್ದ ಗಿಡ ಉಳಿಸಲು: ಮೊದಲು ಬ್ಯಾಗಿನ ಅಡಿಯಿಂದ ಧಾರಾಳ ಇಳಿಯುವಷ್ಟು ಸಿಹಿನೀರು ಹಾಯಿಸಿ. ಮರುದಿನ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ತಲಾ ಶೇಕಡಾ 19 ಇರುವ) ಗೊಬ್ಬರವನ್ನು ಲೀಟರಿಗೆ 2 ಗ್ರಾಂ ಕರಗಿಸಿ ಗಿಡಕ್ಕೆ ಕಾಲು ಲೀಟರ್. ಮೊದಲ ಎರಡು ವಾರ ನಾಲ್ಕು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಅರ್ಧ ಲೀಟರ್, ಹೂ ಅರಳುವವರೆಗೆ. ಈ ಗೊಬ್ಬರದಲ್ಲಿ ಸಾರಜನಕ ನೈಟ್ರೇಟ್, ಅಮೋನಿಯಂ, ಯೂರಿಯಾ ಮೂರೂ ರೂಪದಲ್ಲಿರುವುದರಿಂದ ಕೆಲವು ಇಂದು, ಕೆಲವು ಮುಂದಿನ ವಾರ ಸಿಗುತ್ತವೆ. ಹೊಸ ಎಲೆ ಹಸಿರಾಗಿ ಬಂದರೆ ಸಾಕು. ಪೂರ್ತಿ ಹಳದಿಯಾದ ಹಳೆ ಎಲೆ ತಿರುಗಿ ಹಸಿರಾಗುವುದಿಲ್ಲ, ಅದರ ಸಾರಜನಕವನ್ನು ಗಿಡ ಆಗಲೇ ಮೇಲಕ್ಕೆ ಒಯ್ದಿರುತ್ತದೆ.

ಮುಂದಿನ ಸಲ ತೋಟದ ಮಣ್ಣು, ಹಳೆಯ ಹಟ್ಟಿಗೊಬ್ಬರ, ತೊಳೆದ ಕೊಕೊಪೀಟ್ ಸಮ ಪಾಲು ಹಾಕಿ. ಸಿಮೆಂಟಿನ ಕುಂಡ ಆದರೆ ಇನ್ನೊಂದು ಎಚ್ಚರ: ಪಿಎಚ್ 7.5 ದಾಟಿದರೆ, ಅದರ ಮೇಲೆ ಬರೀ ನೈಟ್ರೇಟ್ ಗೊಬ್ಬರ ಕೊಟ್ಟರೆ, ಸೂರ್ಯಕಾಂತಿಯ ತುದಿ ಎಲೆಗಳು ನರ ಮಾತ್ರ ಹಸಿರು ಉಳಿಸಿಕೊಂಡು ಬಿಳಚುತ್ತವೆ. ಅದು ಕಬ್ಬಿಣದ ಕೊರತೆ. ಅಡಿಯಿಂದ ಹಳದಿ ಬಂದರೆ ಸಾರಜನಕ, ತುದಿಯಿಂದ ಬಂದರೆ ಕಬ್ಬಿಣ ಅಥವಾ ಗಂಧಕ ಎಂದು ನೆನಪಿಡಿ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಬೇರೆ ಬೇರೆ ಮೂಲದ ಸಾರಜನಕವನ್ನು ಸೂರ್ಯಕಾಂತಿ ಹೇಗೆ ಹೀರುತ್ತದೆ ಎಂದು ಪ್ರಯೋಗ ಮಾಡಿ ತೋರಿಸಬೇಕು. ಕಾಲೇಜಿನಲ್ಲಿ ದೊಡ್ಡ ಉಪಕರಣಗಳಿಲ್ಲ. ಸಾಧ್ಯವೇ ಸರ್?
– ಉಡುಪಿಯ ಓದುಗರು

ಉತ್ತರ: ಖಂಡಿತ ಸಾಧ್ಯ, ಮತ್ತು ಇದಕ್ಕೆ ಸೂರ್ಯಕಾಂತಿ ಒಳ್ಳೆಯ ಆಯ್ಕೆ. ಬೀಜ ದೊಡ್ಡದು, ಬೇಗ ಮೊಳೆಯುತ್ತದೆ, ಎರಡನೇ ವಾರದಿಂದಲೇ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಹೊಳೆ ಹೊಯಿಗೆ ತನ್ನಿ. ಕಡಲ ಬದಿಯದ್ದು ಬೇಡ, ಉಪ್ಪು ಮತ್ತು ಚಿಪ್ಪಿನ ಚೂರು ಎರಡೂ ಪ್ರಯೋಗ ಕೆಡಿಸುತ್ತವೆ. ತೊಳೆದ ನೀರು ತಿಳಿಯಾಗುವವರೆಗೆ ತೊಳೆದು, ಬಿಸಿಲಲ್ಲಿ ಒಣಗಿಸಿ, ಅಡಿಯಲ್ಲಿ ತೂತು ಇರುವ ಒಂದು ಲೀಟರಿನ 12 ಡಬ್ಬಗಳಿಗೆ ತುಂಬಿ. ನಾಲ್ಕು ಗುಂಪು, ಗುಂಪಿಗೆ ಮೂರು ಡಬ್ಬ. ಡಬ್ಬಕ್ಕೆ ಮೂರು ಬೀಜ, ಮೊಳೆತ ಮೇಲೆ ಒಂದು ಗಿಡ ಉಳಿಸಿ.

ಎಲ್ಲ ಗುಂಪಿಗೂ ಸಾಮಾನ್ಯವಾದ ದ್ರಾವಣ: ಒಂದು ಲೀಟರ್ ನೀರಿಗೆ 0:52:34 ಗೊಬ್ಬರ (ಸಾರಜನಕವಿಲ್ಲದ, ರಂಜಕ–ಪೊಟ್ಯಾಶ್ ಮಾತ್ರ ಇರುವುದು) 0.2 ಗ್ರಾಂ, ಪೊಟ್ಯಾಸಿಯಂ ಸಲ್ಫೇಟ್ 0.2 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 0.4 ಗ್ರಾಂ, ಲಘು ಪೋಷಕಾಂಶ ಮಿಶ್ರಣ ಒಂದು ಚಿಟಿಕೆ. ಸಾರಜನಕ ಮಾತ್ರ ಗುಂಪಿನಿಂದ ಗುಂಪಿಗೆ ಬದಲಾಗಬೇಕು. ಮೊದಲ ಗುಂಪಿಗೆ ಸಾರಜನಕವಿಲ್ಲ, ಜಿಪ್ಸಂ 0.5 ಗ್ರಾಂ ಮಾತ್ರ. ಎರಡನೆಯದಕ್ಕೆ ಕ್ಯಾಲ್ಸಿಯಂ ನೈಟ್ರೇಟ್ 0.65 ಗ್ರಾಂ. ಮೂರನೆಯದಕ್ಕೆ ಅಮೋನಿಯಂ ಸಲ್ಫೇಟ್ 0.49 ಗ್ರಾಂ ಮತ್ತು ಜಿಪ್ಸಂ 0.5 ಗ್ರಾಂ. ನಾಲ್ಕನೆಯದಕ್ಕೆ ಎರಡನೆಯ ಮತ್ತು ಮೂರನೆಯ ಗುಂಪಿನ ಅರ್ಧರ್ಧ. ಜಿಪ್ಸಂ ಏಕೆಂದರೆ, ಅದಿಲ್ಲದೆ ನೈಟ್ರೇಟ್ ಡಬ್ಬಕ್ಕೆ ಮಾತ್ರ ಕ್ಯಾಲ್ಸಿಯಂ ಸಿಗುತ್ತದೆ, ಆಗ ನೀವು ಅಳೆಯುವುದು ಸಾರಜನಕವನ್ನೋ ಕ್ಯಾಲ್ಸಿಯಂ ಅನ್ನೋ ಗೊತ್ತಾಗುವುದಿಲ್ಲ. ಈ ಪ್ರಮಾಣದಲ್ಲಿ ಸಾರಜನಕ ಪಡೆಯುವ ಮೂರೂ ಗುಂಪಿಗೆ ಲೀಟರಿಗೆ 100 ಮಿಲಿಗ್ರಾಂ ಸಾರಜನಕ ಬರುತ್ತದೆ. ಕ್ಯಾಲ್ಸಿಯಂ ನೈಟ್ರೇಟನ್ನು ಉಳಿದವುಗಳ ಜೊತೆ ಗಟ್ಟಿ ದ್ರಾವಣದಲ್ಲಿ ಬೆರೆಸಬೇಡಿ, ಬಿಳಿ ಗಸಿ ಕೂರುತ್ತದೆ. ಪೂರ್ತಿ ನೀರು ಹಾಕಿದ ಮೇಲೆ ಒಂದೊಂದಾಗಿ ಸೇರಿಸಿ.

ಬೀಜದೆಲೆ ಬಿಚ್ಚಿಕೊಂಡ ದಿನದಿಂದ ದಿನ ಬಿಟ್ಟು ದಿನ 100 ಮಿಲಿ ಹಾಕಿ. ವಾರಕ್ಕೊಮ್ಮೆ ಡಬ್ಬದ ಅಡಿಯಿಂದ ಇಳಿದ ನೀರನ್ನು ಹಿಡಿದು ಪಿಎಚ್ ಕಾಗದದಿಂದ ನೋಡಿ. ನೈಟ್ರೇಟ್ ಡಬ್ಬದ್ದು ಏರುತ್ತದೆ, ಅಮೋನಿಯಂ ಡಬ್ಬದ್ದು ಇಳಿಯುತ್ತದೆ. ಕಾರಣ ಬೇರಿನ ವಿದ್ಯುದಂಶದ ಲೆಕ್ಕಾಚಾರ: ನೈಟ್ರೇಟ್ ಒಳಗೆ ಹೋಗುವಾಗ ಜೊತೆಗೆ ಜಲಜನಕದ ಅಯಾನುಗಳನ್ನು (ವಿದ್ಯುದಂಶ ಹೊತ್ತ ಕಣಗಳನ್ನು) ಎಳೆದುಕೊಂಡು ಹೋಗುತ್ತದೆ, ಹೊರಗಿನ ಹುಳಿ ಕಡಿಮೆಯಾಗುತ್ತದೆ, ಅಮೋನಿಯಂ ಒಳಬಂದಾಗ ಬೇರು ಜಲಜನಕದ ಅಯಾನನ್ನು ಹೊರಬಿಡುತ್ತದೆ. ಅಮೋನಿಯಂ ಒಂದನ್ನೇ ಪಡೆದ ಗಿಡ ಗಿಡ್ಡವಾಗಿ, ಎಲೆ ಕಡುಹಸಿರಾಗಿ ಅಂಚು ಮುದುರಿ, ಬೇರು ಮೊಟಕಾಗಿ ಕಂದು ಬಣ್ಣಕ್ಕೆ ತಿರುಗಬಹುದು. ಅಮೋನಿಯಂ ಅನ್ನು ಗಿಡ ಕೂಡಿಡಲಾರದು, ವಿಷವಾಗುತ್ತದೆ. ಬಂದಷ್ಟನ್ನೂ ಬೇರಿನಲ್ಲೇ ಸಕ್ಕರೆಯಿಂದ ಬಂದ ಇಂಗಾಲ ಜೋಡಿಸಿ ಅಮೈನೊ ಆಮ್ಲ ಮಾಡಿ ಮೇಲೆ ಕಳಿಸಬೇಕು. ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಪ್ರವೇಶವನ್ನೂ ಅದು ತಡೆಯುತ್ತದೆ. ನೈಟ್ರೇಟನ್ನು ಮಾತ್ರ ಗಿಡ ಜೀವಕೋಶದ ರಸಕೋಶದಲ್ಲಿ ದಾಸ್ತಾನು ಇಡಬಲ್ಲದು. ಬೆಳಕು ಬಿದ್ದಾಗ ಎಲೆಯಲ್ಲಿ ನೈಟ್ರೇಟ್ ರಿಡಕ್ಟೇಸ್ ಎಂಬ ಕಿಣ್ವ ಅದನ್ನು ನೈಟ್ರೈಟ್ ಮಾಡುತ್ತದೆ, ಹಸಿರುಕಣದಲ್ಲಿ ಅದು ಅಮೋನಿಯಂ ಆಗಿ, ಕೂಡಲೇ ಅಮೈನೊ ಆಮ್ಲಕ್ಕೆ ಸೇರುತ್ತದೆ. ಆ ಕಿಣ್ವಕ್ಕೆ ಮಾಲಿಬ್ಡಿನಂ ಬೇಕು, ಹುಳಿ ಮಣ್ಣಿನಲ್ಲಿ ಅದು ಸಿಗುವುದು ಕಷ್ಟ. ನಮ್ಮ ಕಡೆ ಸುಣ್ಣ ಹಾಕಿದರೆ ಗಿಡ ನೈಟ್ರೇಟನ್ನು ಚೆನ್ನಾಗಿ ಬಳಸಿಕೊಳ್ಳುವುದರ ಹಿಂದೆ ಇದೂ ಒಂದು ಕಾರಣ.

ಮಿಶ್ರ ಗುಂಪೇ ಸಾಮಾನ್ಯವಾಗಿ ಗೆಲ್ಲುತ್ತದೆ. ಎರಡು ಅಯಾನುಗಳು ಪಿಎಚ್ ಅನ್ನು ಒಂದಕ್ಕೊಂದು ಸರಿದೂಗಿಸುತ್ತವೆ.

ಪ್ರಯೋಗ ಕೆಡುವುದು ಹೆಚ್ಚಾಗಿ ಮೂರನೇ ವಾರದ ನಂತರ. ಹೊಯಿಗೆಯಲ್ಲಿ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆದು, ನಿಮ್ಮ ಅಮೋನಿಯಂ ಡಬ್ಬದಲ್ಲೂ ನೈಟ್ರೇಟ್ ಹುಟ್ಟುತ್ತದೆ. ಇಳಿದ ನೀರಿಗೆ ಮೀನುತೊಟ್ಟಿಗೆ ಬಳಸುವ ನೈಟ್ರೇಟ್ ಪರೀಕ್ಷಾ ಪಟ್ಟಿ ಅದ್ದಿದರೆ ಗೊತ್ತಾಗುತ್ತದೆ. ಬಣ್ಣ ಬಂದ ದಿನವನ್ನು ವರದಿಯಲ್ಲಿ ಬರೆಯಿರಿ, ಅದು ಪ್ರಯೋಗದ ಸೋಲಲ್ಲ, ಫಲಿತಾಂಶ. ಕೊನೆಗೆ ಗಿಡ ಕಿತ್ತು, ಬೇರು ಮತ್ತು ಕಾಂಡ ಬೇರೆ ಮಾಡಿ, ನೆರಳಲ್ಲಿ ಒಣಗಿಸಿ ತೂಗಿ.

ಒಂದೇ ಮಣ್ಣಿಗೆ ಎರಡು ಗೊಬ್ಬರ ಹಾಕಿದಾಗ ಗಿಡದೊಳಗಿನ ಸಾರಜನಕ ಯಾವುದರದ್ದು ಎಂದು ವಿಜ್ಞಾನಿಗಳು ಹೇಗೆ ಹೇಳುತ್ತಾರೆ ಎಂದೂ ಕೇಳಿದ್ದೀರಿ. ಪ್ರಕೃತಿಯ ಸಾರಜನಕದ ಪರಮಾಣುಗಳಲ್ಲಿ ಬಹುಪಾಲಿನ ತೂಕ 14. ಸಾವಿರಕ್ಕೆ ನಾಲ್ಕಕ್ಕೂ ಕಡಿಮೆ ಪರಮಾಣುಗಳು 15 ತೂಕದವು. ಒಂದು ಗೊಬ್ಬರವನ್ನು ಮಾತ್ರ 15 ತೂಕದ ಪರಮಾಣು ಹೆಚ್ಚಿರುವಂತೆ ತಯಾರಿಸಿ ಹಾಕುತ್ತಾರೆ. ಕೊಯ್ಲಿನ ನಂತರ ಎಲೆ, ಕಾಳು, ಬೇರನ್ನು ಒಣಗಿಸಿ ಪುಡಿಮಾಡಿ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ (ತೂಕದ ಮೇಲೆ ಪರಮಾಣುಗಳನ್ನು ಬೇರ್ಪಡಿಸುವ ಯಂತ್ರ) ಆ ಪ್ರಮಾಣ ಅಳೆದರೆ, ಗೊಬ್ಬರದಿಂದ ಬಂದದ್ದೆಷ್ಟು, ಮಣ್ಣಿನದ್ದೆಷ್ಟು ಎಂಬ ಲೆಕ್ಕ ಸಿಗುತ್ತದೆ. ಇದು ವಿಕಿರಣ ಸೂಸುವ ಪರಮಾಣುವಲ್ಲ.

ಪ್ರಶ್ನೆ: ಬಂದರಿನ ಹತ್ತಿರ ಮನೆ, ಮೀನಿನ ತ್ಯಾಜ್ಯ ಸುಲಭವಾಗಿ ಸಿಗುತ್ತದೆ. ಸೂರ್ಯಕಾಂತಿಯ ಬುಡಕ್ಕೆ ಹಾಕಬಹುದೇ?
– ಮಲ್ಪೆಯ ಓದುಗರು

ಉತ್ತರ: ತೆಂಗಿಗೆ ಹಾಕಿದ ಹಾಗೆ ಹಸಿಯಾಗಿ ಹಾಕಬೇಡಿ. ತೆಂಗಿನ ಬೇರಿನ ಹರವು ದೊಡ್ಡದು, ತಡೆದುಕೊಳ್ಳುತ್ತದೆ. ಸೂರ್ಯಕಾಂತಿಯ ಎಳೆ ಬೇರಿನ ಪಕ್ಕದಲ್ಲಿ ಮೀನು ಕೊಳೆತರೆ ಒಮ್ಮೆಲೇ ಅಮೋನಿಯಾ ಎದ್ದು ಬೇರು ಕಪ್ಪಾಗುತ್ತದೆ. ನಾಯಿಗಳು ಬುಡ ಕೆದರುವುದು ಬೇರೆ. ಉಪ್ಪು ಹಾಕಿದ ಒಣಮೀನು ಯಾವ ಕಾರಣಕ್ಕೂ ಬೇಡ. ಉಪ್ಪಿಲ್ಲದೆ ಒಣಗಿಸಿ ಪುಡಿ ಮಾಡಿದ ಮೀನಿನ ಗೊಬ್ಬರದಲ್ಲಿ ಶೇಕಡಾ 8ರ ಸುಮಾರು ಸಾರಜನಕ ಇರಬಹುದು. 12 ಇಂಚಿನ ಚೀಲಕ್ಕೆ 25 ಗ್ರಾಂ ಸಾಕು, ಅದರಲ್ಲೇ 2 ಗ್ರಾಂ ಸಾರಜನಕ ಬಂತು. ಬಿತ್ತನೆಗೆ 15 ದಿನ ಮೊದಲು ಚೀಲದ ಅಡಿಯ ಅರ್ಧ ಮಣ್ಣಿಗೆ ಬೆರೆಸಿ, ತೇವ ಇಟ್ಟು ಬಿಡಿ. ಘಾಟು ಪೂರ್ತಿ ಹೋದ ಮೇಲೆ ಬೀಜ ಹಾಕಿ. ಗದ್ದೆಗಾದರೆ ಹಸಿ ತ್ಯಾಜ್ಯವನ್ನು ತರಗೆಲೆ, ಹಟ್ಟಿಗೊಬ್ಬರದ ಪದರಗಳ ನಡುವೆ ಕಾಂಪೋಸ್ಟ್ ಮಾಡಿ. ತರಗೆಲೆಯ ಇಂಗಾಲ ಮೀನಿನ ಸಾರಜನಕವನ್ನು ಹಿಡಿದಿಡುತ್ತದೆ.

ಪ್ರಶ್ನೆ: ಹಟ್ಟಿಯ ಪಕ್ಕದ ಸಾಲಿನ ಗಿಡಗಳು ಆಳೆತ್ತರ ಮೀರಿ ಬೆಳೆದವು, ಎಲೆ ಮುಚ್ಚಳದಷ್ಟು ಅಗಲ. ಆದರೆ ಹೂ ತಡ, ಗಾಳಿಗೆ ಅರ್ಧಕ್ಕರ್ಧ ಮಗುಚಿ ಬಿದ್ದವು.
– ಮೂಡುಬಿದಿರೆಯ ಓದುಗರು

ಉತ್ತರ: ಗಂಜಲ ಹರಿದು ಬರುತ್ತಿರುವ ಜಾಗ. ಗಂಜಲದ ಸಾರಜನಕ ಬಹುತೇಕ ಯೂರಿಯಾ ರೂಪದ್ದೇ, ದಿನವೂ ಸಿಕ್ಕರೆ ಗಿಡ ಎಲೆ ಬೆಳೆಸುತ್ತಲೇ ಹೋಗುತ್ತದೆ. ಕಾಂಡ ಉದ್ದವಾಗಿ ಟೊಳ್ಳಾಗುತ್ತದೆ, ಎಲೆ ದಟ್ಟವಾಗಿ ಗಾಳಿಯಾಡದೆ ಎಲೆಚುಕ್ಕೆ ರೋಗ ಬರುತ್ತದೆ, ಕಾಳಿನಲ್ಲಿ ಪ್ರೋಟೀನ್ ಏರಿ ಎಣ್ಣೆ ಇಳಿಯುತ್ತದೆ. ಒಂದು ಕ್ವಿಂಟಲ್ ಕಾಳು ಕೊಡಲು ಇಡೀ ಬೆಳೆ ಹೀರುವ ಸಾರಜನಕ 4ರಿಂದ 5 ಕೆಜಿ ಮಾತ್ರ. ಹರಿವನ್ನು ಬೇರೆಡೆಗೆ ತಿರುಗಿಸಿ, ಗಂಜಲವನ್ನು ಹಿಡಿದಿಟ್ಟು ಹತ್ತು ಪಾಲು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಕೊಡಿ.

ಪ್ರಶ್ನೆ: ನ್ಯಾನೊ ಯೂರಿಯಾದ ಒಂದು ಬಾಟಲಿ ಒಂದು ಚೀಲ ಯೂರಿಯಾಕ್ಕೆ ಸಮವೇ?
– ಕಾರ್ಕಳದ ಓದುಗರು

ಉತ್ತರ: ಗುಣಾಕಾರ ಮಾಡಿ ನೋಡಿ. ಮೊದಲಿಗೆ ಬಂದ ಶೇಕಡಾ 4 ಸಾರಜನಕದ 500 ಮಿಲಿ ಬಾಟಲಿಯಲ್ಲಿ ಇದ್ದದ್ದು 20 ಗ್ರಾಂ. 45 ಕೆಜಿ ಚೀಲದಲ್ಲಿ 20 ಕೆಜಿ ಮೀರಿ. ಸೂರ್ಯಕಾಂತಿ ಕಾಳಿಗೆ ತುಂಬಬೇಕಾದ ಪ್ರೋಟೀನ್ ಈ 20 ಗ್ರಾಮಿನಿಂದ ಬರಲಾರದು. ಎಲೆಗೆ ಸಿಂಪಡಿಸುವುದು ಬೇರಿನ ಆಹಾರಕ್ಕೆ ಪೂರಕ ಆಗಬಹುದು, ಬದಲಿ ಅಲ್ಲ. ಮೇಲೆ ಹೇಳಿದ ಮೂರು ಕಂತು ಬಿಡಬೇಡಿ.

ಪ್ರಶ್ನೆ: ಹೂವಿನ ನಡುವಿನ ಕಾಳೆಲ್ಲ ಜೊಳ್ಳು. ಹೂ ಅರಳಿದ ಮೇಲೆ ಇನ್ನೊಮ್ಮೆ ಯೂರಿಯಾ ಕೊಟ್ಟರೆ ತುಂಬುತ್ತದೆಯೇ?
– ಕುಂದಾಪುರದ ಓದುಗರು

ಉತ್ತರ: ತುಂಬುವುದಿಲ್ಲ. ಗಿಡ ತನ್ನ ಸಾರಜನಕದ ದೊಡ್ಡ ಪಾಲನ್ನು ಮೊಗ್ಗು ಮೂಡಿದಾಗಿನಿಂದ ಹೂ ಅರಳುವವರೆಗೆ ಹೀರಿ ಮುಗಿಸಿರುತ್ತದೆ. ಆಮೇಲೆ ಕಾಳಿಗೆ ಹೋಗುವುದು ಎಲೆ, ಕಾಂಡದಲ್ಲಿ ಕೂಡಿಟ್ಟದ್ದು. ಆದ್ದರಿಂದ ಅರಳಿದ ನಂತರ ಎಲೆ ಕೀಳಬೇಡಿ, ದನಕ್ಕೂ ಹಾಕಬೇಡಿ, ಮಣ್ಣು ಒಣಗಲು ಬಿಡಬೇಡಿ. ಜೊಳ್ಳಿಗೆ ಹೆಚ್ಚಿನ ಸಲ ಕಾರಣ ಪರಾಗಸ್ಪರ್ಶ ಆಗದಿರುವುದು ಮತ್ತು ಬೋರಾನ್ ಕೊರತೆ. ಹೊರಗಿನ ಹಳದಿ ಎಸಳು ಬಿಚ್ಚುವ ಹೊತ್ತಿಗೆ ಲೀಟರಿಗೆ 2 ಗ್ರಾಂ ಬೊರಾಕ್ಸ್ ಕರಗಿಸಿ ತೆನೆಗೆ ಸಿಂಪಡಿಸಿ. ಜೇನುನೊಣ ಕಡಿಮೆ ಇದ್ದರೆ ಬೆಳಿಗ್ಗೆ 8ರಿಂದ 11ರ ಒಳಗೆ, ದಿನ ಬಿಟ್ಟು ದಿನ, ಮೆತ್ತನೆಯ ಬಟ್ಟೆಯಿಂದ ಒಂದು ತೆನೆಯನ್ನು ಸವರಿ ಅದೇ ಬಟ್ಟೆಯಿಂದ ಮುಂದಿನ ತೆನೆಯನ್ನು ಸವರುತ್ತಾ ಹೋಗಿ. ಆ ದಿನಗಳಲ್ಲಿ ಕೀಟನಾಶಕ ಹೊಡೆಯಬಾರದು. ಉಳಿದ ಯೂರಿಯಾವನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಬಾಯಿ ಬಿಚ್ಚಿಟ್ಟರೆ ಕರಾವಳಿಯ ತೇವಕ್ಕೆ ಕರಗಿ ಕಲ್ಲಾಗುತ್ತದೆ, ಅದನ್ನು ಪುಡಿಮಾಡಿ ಹಾಕಿದರೆ ಗಿಡದಿಂದ ಗಿಡಕ್ಕೆ ಪ್ರಮಾಣ ಸರಿಹೋಗುವುದಿಲ್ಲ.